ನಿಮಗಿದು ಗೊತ್ತೇ? ಏಣಿ, ಅರವತ್ತು ಮತ್ತು ಅರ್ಧ ಸೆಕೆಂಡು

ಆಯುಧಪೂಜೆಗೆ ಅಟ್ಟ ಗುಡಿಸಬೇಕು, ಯುಗಾದಿಗೆ ಮಾವಿನ ತೋರಣ ಕಟ್ಟಬೇಕು, ದೀಪಾವಳಿಗೆ ಆಕಾಶಬುಟ್ಟಿ ತೂಗುಹಾಕಬೇಕು. ತಾರಸಿ ಮೇಲಿನ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ಇಣುಕಬೇಕು. ಹತ್ತುವವರು ಹೆಚ್ಚಾಗಿ ಮನೆಯ ಹಿರಿಯರೇ. 'ನಲವತ್ತು ವರ್ಷದಿಂದ ನಾನೇ ಹತ್ತುತ್ತಿಲ್ಲವೇ' ಎಂಬುದು ಅವರ ಮಾತು. ಏಣಿ ಅದೇ, ಅಟ್ಟವೂ ಅದೇ, ಹತ್ತುವ ದೇಹ ಮಾತ್ರ ನಲವತ್ತು ವರ್ಷ ಹಿಂದಿನದಲ್ಲ. ಈ ಸಲದ ಅಂಕಣ ಅವರಿಗಾಗಿ, ಅವರನ್ನು ಕೆಳಗಿನಿಂದ ನೋಡುತ್ತ ನಿಂತವರಿಗಾಗಿ.

ಹತ್ತುವ ಮುನ್ನ

● ಸ್ಪೇನಿನ ವೆಲೆನ್ಸಿಯಾ ಪ್ರಾಂತ್ಯದ ಒಂದು ಗುಹೆಯಲ್ಲಿ ಜೇನು ಕೀಳಲು ಏಣಿಯಂಥ ಬಳ್ಳಿ ಹಿಡಿದು ಮೇಲೇರಿದ ಮನುಷ್ಯನ ಚಿತ್ರವಿದೆ. ಅದಕ್ಕೆ ಸುಮಾರು 8,000 ವರ್ಷ ವಯಸ್ಸೆಂದು ಅಂದಾಜು. ಗಾಡಿಯ ಚಕ್ರಕ್ಕಿಂತ ಏಣಿ ಹಳೆಯದು. ನಮ್ಮ ಕೊಡಗು, ಮಲೆನಾಡಿನ ಕಡೆ ಕಾಳುಮೆಣಸು ಕೊಯ್ಯಲು ಗೆಣ್ಣಿನ ಬಳಿ ಕವಲು ಉಳಿಸಿದ ಒಂಟಿ ಬಿದಿರಿನ ಏಣಿಯನ್ನು ಇಂದಿಗೂ ಮರಕ್ಕೆ ಒರಗಿಸುತ್ತಾರೆ.

● ನಾಲ್ಕು ಅಡಿ ಎತ್ತರದಿಂದ ನೆಲ ತಲುಪಲು ಬೇಕಾಗುವ ಸಮಯ ಅರ್ಧ ಸೆಕೆಂಡು. ನೆಲಕ್ಕೆ ತಾಗುವಾಗ ವೇಗ ಗಂಟೆಗೆ ಸುಮಾರು 18 ಕಿಲೋಮೀಟರ್. ಹತ್ತು ಅಡಿಯಿಂದಾದರೆ ಮುಕ್ಕಾಲು ಸೆಕೆಂಡಿಗೆ ತುಸು ಹೆಚ್ಚು, ವೇಗ ಗಂಟೆಗೆ 27 ಕಿಲೋಮೀಟರ್ ಮೀರುತ್ತದೆ. ಆಯ ತಪ್ಪಿತು ಎಂದು ಮನಸ್ಸಿಗೆ ಹೊಳೆದು ಕೈ ಚಾಚುವಷ್ಟರಲ್ಲಿ ಈ ಸಮಯದ ಬಹುಪಾಲು ಮುಗಿದಿರುತ್ತದೆ. 'ನಾಲ್ಕೇ ಮೆಟ್ಟಿಲು ತಾನೇ' ಎಂಬ ಮಾತನ್ನು ಇಂದೇ ಬಿಟ್ಟುಬಿಡಿ.

● ಗೋಡೆಗೆ ಒರಗಿಸುವ ಏಣಿಗೆ ಒಂದು ಲೆಕ್ಕವಿದೆ: ನಾಲ್ಕಕ್ಕೆ ಒಂದು. ಏಣಿ ಗೋಡೆಗೆ ತಾಗುವ ಜಾಗ 12 ಅಡಿ ಎತ್ತರದಲ್ಲಿದ್ದರೆ ಬುಡ ಗೋಡೆಯಿಂದ 3 ಅಡಿ ದೂರದಲ್ಲಿರಬೇಕು. ಕೋನಮಾಪಕದ ಭಾಷೆಯಲ್ಲಿ ಹೇಳುವುದಾದರೆ ಸುಮಾರು 75 ಡಿಗ್ರಿ. ಇದಕ್ಕಿಂತ ನೇರವಾಗಿ ನಿಲ್ಲಿಸಿದರೆ ಏಣಿ ಹಿಂದಕ್ಕೆ ಮಗುಚುತ್ತದೆ, ಹೆಚ್ಚು ಮಲಗಿಸಿದರೆ ಬುಡ ಜಾರುತ್ತದೆ.

● ಅಳತೆ ಟೇಪು ಇಲ್ಲವೇ? ಏಣಿಯ ಬುಡಕ್ಕೆ ಕಾಲ್ಬೆರಳು ತಾಗಿಸಿ ನೆಟ್ಟಗೆ ನಿಂತು ಎರಡೂ ಕೈ ಮುಂದಕ್ಕೆ ಚಾಚಿ. ಭುಜದ ಎತ್ತರದಲ್ಲಿರುವ ಮೆಟ್ಟಿಲು ಅಂಗೈಗೆ ಸಲೀಸಾಗಿ ಸಿಕ್ಕಿದರೆ ಕೋನ ಸರಿಯಿದೆ.

● ಅರ್ಧ ಹತ್ತುವವರೆಗೆ ಅಲುಗಾಡದೆ ನಿಂತಿದ್ದ ಏಣಿ ತುದಿಗೆ ಹೋದಾಗಲೇ ಜಾರುವುದೇಕೆ? ಕೆಟ್ಟ ಗಳಿಗೆಯಿಂದಲ್ಲ. ನೀವು ಮೇಲೆ ಹೋದಷ್ಟೂ ಏಣಿ ಗೋಡೆಯನ್ನು ಹೆಚ್ಚು ಒತ್ತುತ್ತದೆ, ಗೋಡೆ ಅಷ್ಟೇ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ತಡೆದು ನಿಲ್ಲಿಸಬೇಕಾದದ್ದು ಬುಡ ಮತ್ತು ನೆಲದ ನಡುವಿನ ಘರ್ಷಣೆ ಮಾತ್ರ. ಕೆಳಗಿನ ಮೆಟ್ಟಿಲಲ್ಲಿ ಸಾಕಾಗಿದ್ದ ಘರ್ಷಣೆ ಮೇಲಿನ ಮೆಟ್ಟಿಲಲ್ಲಿ ಸಾಲದಾಗುತ್ತದೆ. ಪಾಲಿಶ್ ಮಾಡಿದ ಗ್ರಾನೈಟ್ ನೆಲ, ಒದ್ದೆ ಅಂಗಳ, ಬುಡದಡಿ ಹಾಕಿದ ಗೋಣಿಚೀಲ, ಏಣಿಯ ಕಾಲಿನ ಸವೆದ ರಬ್ಬರ್ ಬೂಟು ಇವೆಲ್ಲ ಆ ಘರ್ಷಣೆಯನ್ನು ಕಡಿಮೆ ಮಾಡುತ್ತವೆ. 'ಆಗಲೇ ಪರೀಕ್ಷೆ ಮಾಡಿದ್ದೆ, ಗಟ್ಟಿಯಾಗಿತ್ತು' ಎಂದು ಬಿದ್ದವರು ಹೇಳುವುದು ಸುಳ್ಳಲ್ಲ. ಅವರು ಪರೀಕ್ಷಿಸಿದ್ದು ಎರಡನೆಯ ಮೆಟ್ಟಿಲಿನಲ್ಲಿ ನಿಂತು, ಅಷ್ಟೇ.

● ಅದಕ್ಕೇ ಏಣಿ ಹಿಡಿಯಲು ಒಬ್ಬರು ಬೇಕು. ಹಿಡಿಯುವವರು ಮೊಬೈಲು ನೋಡುತ್ತ ಒಂದು ಕೈ ಇಟ್ಟರೆ ಸಾಲದು. ಎರಡೂ ಕಂಬಗಳನ್ನು ಹಿಡಿದು ಒಂದು ಕಾಲನ್ನು ಕೆಳಗಿನ ಮೆಟ್ಟಿಲಿನ ಮೇಲೆ ಊರಿ ನಿಲ್ಲಬೇಕು.

● ಹೊಕ್ಕುಳು ಏಣಿಯ ಎರಡು ಕಂಬಗಳ ನಡುವೆಯೇ ಇರಲಿ. ಹೊಕ್ಕುಳು ಕಂಬ ದಾಟಿತೆಂದರೆ ದೇಹದ ಭಾರವೂ ಏಣಿಯ ಅಂಚಿಗೆ ಬಂತೆಂದೇ ಅರ್ಥ. ಕೈಗೆಟುಕದ ಮೂಲೆಯ ಜೇಡರ ಬಲೆಗಾಗಿ ಓರೆಯಾಗಿ ಚಾಚಬೇಡಿ. ಇಳಿದು, ಏಣಿ ಸರಿಸಿ, ಮತ್ತೆ ಹತ್ತಿ. ಎರಡು ನಿಮಿಷದ ಬೇಸರವಷ್ಟೇ.

● ಎರಡು ಕಾಲು ಒಂದು ಕೈ, ಅಥವಾ ಎರಡು ಕೈ ಒಂದು ಕಾಲು. ಯಾವ ಕ್ಷಣದಲ್ಲೂ ಮೂರು ಅಂಗಗಳು ಏಣಿಯ ಮೇಲಿರಬೇಕು. ಕೈಯಲ್ಲಿ ಬಕೆಟ್ಟು ಹಿಡಿದು ಹತ್ತುವವರಿಗೆ ಈ ಲೆಕ್ಕ ಕೂಡುವುದೇ ಇಲ್ಲ. ಸಾಮಾನನ್ನು ಹಗ್ಗದಲ್ಲಿ ಎಳೆದುಕೊಳ್ಳಿ, ಇಲ್ಲವೇ ಕೆಳಗಿನವರಿಂದ ಕೊಡಿಸಿಕೊಳ್ಳಿ.

● ಒರಗಿಸುವ ಏಣಿಯ ಮೇಲಿನ ಮೂರು ಮೆಟ್ಟಿಲುಗಳು ಹಿಡಿದುಕೊಳ್ಳಲು, ನಿಲ್ಲಲು ಅಲ್ಲ. ಅವುಗಳ ಮೇಲೆ ನಿಂತರೆ ಕೈಗೆ ಹಿಡಿಯಲು ಏನೂ ಉಳಿಯದು.

● ಮಡಚುವ ಏಣಿಗೆ 1862ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಜಾನ್ ಬಾಲ್ಸ್ಲಿ ಎಂಬ ಬಡಗಿ ಪೇಟೆಂಟ್ ಪಡೆದ. ನಾಲ್ಕೂ ಕಾಲು ಅಗಲಿಸಿ ಕೊಂಡಿ ಸಿಕ್ಕಿಸಿದಾಗ ಮಾತ್ರ ಅದು ತನ್ನ ಕೆಲಸ ಮಾಡುತ್ತದೆ. ಅದನ್ನು ಮಡಚಿದಂತೆಯೇ ಗೋಡೆಗೆ ಒರಗಿಸಿ ಹತ್ತುವುದು ನಮ್ಮಲ್ಲಿ ಮಾಮೂಲಿ. ಹಾಗೆ ಮಾಡಿದಾಗ ಅದರ ಪಾದಗಳು ನೆಲಕ್ಕೆ ಪೂರ್ತಿ ಕೂರುವುದಿಲ್ಲ, ಅಂಚಿನ ಮೇಲೆ ನಿಂತಿರುತ್ತವೆ.

● ಅಲ್ಯೂಮಿನಿಯಂ ಏಣಿ ಹಗುರ, ಆದರೆ ಅಪ್ಪಟ ವಿದ್ಯುತ್ ವಾಹಕ. ಒದ್ದೆಯಾದ ಬಿದಿರು, ಹಸಿ ಮರವೂ ನಂಬಿಕೆಗೆ ಅರ್ಹವಲ್ಲ. ಮನೆ ಮುಂದೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಏಣಿಯೂ ನೀವೂ ಅದರಿಂದ ಕನಿಷ್ಠ 3 ಮೀಟರ್ ದೂರವಿರಬೇಕು. ತೆಂಗಿನ ಗರಿ ತಂತಿಗೆ ತಾಗಿದ್ದರೆ ಅದು ವಿದ್ಯುತ್ ಇಲಾಖೆಯವರ ಕೆಲಸ, ನಿಮ್ಮದಲ್ಲ.

● ಏಣಿಯ ಮೇಲೆ ಒಂದೇ ಉಸಿರಿಗೆ ಅರ್ಧ ಗಂಟೆಗಿಂತ ಹೆಚ್ಚು ಇರಬಾರದು, 10 ಕಿಲೋಗಿಂತ ಭಾರ ಹೊರಬಾರದು ಎನ್ನುತ್ತದೆ ಬ್ರಿಟನ್ನಿನ ಕೆಲಸಗಾರರ ಸುರಕ್ಷಾ ಮಾರ್ಗಸೂಚಿ. ಅದು ಗಟ್ಟಿಮುಟ್ಟಾದ ಕೆಲಸಗಾರರಿಗೆ ಹೇಳಿದ ಮಾತು. ಎಪ್ಪತ್ತರವರು ಎರಡನ್ನೂ ಅರ್ಧಕ್ಕಿಳಿಸಿಕೊಂಡರೂ ಹೆಚ್ಚೇ. ನಮ್ಮಲ್ಲೂ ಏಣಿಗಳ ಸುರಕ್ಷತೆಗೆಂದೇ ಭಾರತೀಯ ಮಾನಕವಿದೆ: ಐಎಸ್ 3696, ಎರಡನೇ ಭಾಗ, 1991.

● ಪ್ಲಾಸ್ಟಿಕ್ ಕುರ್ಚಿ ಏಣಿಯಲ್ಲ. ಅದರ ಕಾಲುಗಳು ಕುಳಿತವರ ಭಾರಕ್ಕೆ ಮಾಡಿದವು, ಅಂಚಿನಲ್ಲಿ ನಿಂತವರ ಭಾರಕ್ಕೆ ಹೊರಗೆ ಜಾರುತ್ತವೆ. ಪಂಚೆ, ಲುಂಗಿ, ಸೀರೆಯ ನೆರಿಗೆ, ಸವೆದ ಹವಾಯಿ ಚಪ್ಪಲಿ ಇವುಗಳೊಂದಿಗೆ ಹತ್ತುವುದೂ ಬೇಡ.

● ಎಲ್ಲಕ್ಕಿಂತ ಸುರಕ್ಷಿತ ಏಣಿ ಯಾವುದು? ಹತ್ತಬೇಕಾಗಿಯೇ ಇಲ್ಲದ್ದು. ದೇಶದ ಅಡಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವ ಕರ್ನಾಟಕದಲ್ಲಿ ಕೊನೆ ಇಳಿಸುವವರು ಸಿಗದೆ ವಯಸ್ಸಾದ ತೋಟಿಗರೇ ಮರ ಹತ್ತುವ ಕಾಲವೊಂದು ಬಂದಿತ್ತು. ಈಗ ಅರವತ್ತು ಅಡಿಗೂ ಮೀರಿ ಚಾಚುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಇದೇ ಬುದ್ಧಿಯನ್ನು ಮನೆಗೂ ತನ್ನಿ. ಉದ್ದ ಕೋಲಿನ ಜೇಡರಬಲೆ ಪೊರಕೆ, ನೀರು ತುಂಬಿದರೆ ಶಬ್ದ ಮಾಡುವ ಟ್ಯಾಂಕಿನ ಅಲಾರ್ಮ್, ವರ್ಷಗಟ್ಟಲೆ ಬಾಳುವ ಎಲ್‌ಇಡಿ ಬಲ್ಬು. ದಿನಬಳಕೆಯ ಡಬ್ಬಿಗಳನ್ನು ಸೊಂಟದಿಂದ ಭುಜದ ಎತ್ತರದೊಳಗೆ ಇಳಿಸಿಬಿಡಿ. ಅಟ್ಟದಲ್ಲಿ ವರ್ಷಕ್ಕೊಮ್ಮೆ ಮುಟ್ಟುವ ಹಿತ್ತಾಳೆ ಪಾತ್ರೆಗಳನ್ನು ಹಬ್ಬಕ್ಕೆ ಊರಿಗೆ ಬರುವ ಮಗನೋ ಮಗಳೋ ಇಳಿಸಿಕೊಡಲಿ.

ದೇಹ ಏನು ಹೇಳುತ್ತಿದೆ?

● ಮೇಲಿನ ಗೂಡಿನ ಡಬ್ಬಿಗೆ ಕತ್ತೆತ್ತಿದ ಕೂಡಲೇ ಲೋಕವೇ ಗಿರ್ರನೆ ತಿರುಗಿದ ಅನುಭವ ನಿಮಗಾಗಿದೆಯೇ? ಇದಕ್ಕೆ 'ಮೇಲಿನ ಗೂಡಿನ ತಲೆಸುತ್ತು' ಎಂಬ ಅಡ್ಡಹೆಸರೇ ಇದೆ. ಒಳಗಿವಿಯಲ್ಲಿ ಸುಣ್ಣದ ಅತಿ ಸೂಕ್ಷ್ಮ ಹರಳುಗಳಿರುತ್ತವೆ. ವಯಸ್ಸಾದಂತೆ ಕೆಲವು ಕಳಚಿ ದ್ರವ ತುಂಬಿದ ಅರೆವೃತ್ತ ನಾಳಗಳಿಗೆ ಜಾರುತ್ತವೆ. ಕತ್ತೆತ್ತಿದಾಗ ಅವು ಉರುಳಿ, ಮೈ ತಿರುಗುತ್ತಿದೆಯೆಂಬ ಸುಳ್ಳು ಸುದ್ದಿಯನ್ನು ಮಿದುಳಿಗೆ ಕಳಿಸುತ್ತವೆ. ಏಣಿಯ ಮೇಲೆ ನಿಂತವರು ನೋಡುವುದೇ ಮೇಲಕ್ಕೆ! ಸಂತೋಷದ ಸಂಗತಿಯೆಂದರೆ, ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳುಗಳನ್ನು ಅವುಗಳ ಜಾಗಕ್ಕೆ ಮರಳಿಸುವ ವಿಧಾನವೊಂದಿದೆ. ಕಿವಿ-ಮೂಗು-ಗಂಟಲು ತಜ್ಞರು ಹತ್ತು ನಿಮಿಷದಲ್ಲಿ ಮಾಡುತ್ತಾರೆ, ಮಾತ್ರೆಯೂ ಬೇಡ. ಅಮೆರಿಕದ ವೈದ್ಯ ಜಾನ್ ಎಪ್ಲಿಯ ಹೆಸರಿನಿಂದ ಅದು ಪ್ರಸಿದ್ಧ. ವರ್ಷಗಟ್ಟಲೆ 'ಪಿತ್ತ' ಎಂದು ಸುಮ್ಮನಿರುವವರು ಒಮ್ಮೆ ತೋರಿಸಿಕೊಳ್ಳಿ.

● ಇಪ್ಪತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗವಷ್ಟೇ ಅರವತ್ತರ ಕಣ್ಣಿಗೆ ತಲುಪುತ್ತದೆ. ಮನೆಯವರಿಗೆ ಸಾಕೆನಿಸುವ ಬೆಳಕು ಅಜ್ಜಿಗೆ ಮಬ್ಬುಗತ್ತಲು.

● ಎರಡು ಪವರಿನ ಕನ್ನಡಕದ ಕೆಳಭಾಗ ಓದಲು ಮಾಡಿದ್ದು. ಅದರ ಮೂಲಕ ಮೆಟ್ಟಿಲು ನೋಡಿದರೆ ಅಂಚು ಮಸುಕು. ಇಳಿಯುವಾಗ ಗಲ್ಲ ತಗ್ಗಿಸಿ ಮೇಲಿನ ಗಾಜಿನಿಂದ ನೋಡಬೇಕು. ನಡೆದಾಡಲೆಂದೇ ದೂರದ ಪವರಿನ ಇನ್ನೊಂದು ಕನ್ನಡಕವಿದ್ದರೆ ಇನ್ನೂ ಒಳ್ಳೆಯದು.

● ಪೊರೆ ಬಂದ ಕಣ್ಣಿಗೆ ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಹಿಳೆಯರಲ್ಲಿ ಬೀಳುವ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಇಳಿದದ್ದು 2005ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಕಂಡುಬಂತು. ಕಣ್ಣಿನ ಚಿಕಿತ್ಸೆ ಕಾಲನ್ನೂ ಕಾಯುತ್ತದೆ.

● ಎದ್ದು ನಿಂತ ಮೂರು ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದನ್ನು ವೈದ್ಯರು ಗಂಭೀರವಾಗಿ ಪರಿಗಣಿಸುತ್ತಾರೆ. ಕಣ್ಣು ಕತ್ತಲಿಟ್ಟು ಬೀಳುವುದಕ್ಕೆ ಇದು ದೊಡ್ಡ ಕಾರಣ. ಕುಳಿತು ಮಾತ್ರ ಬಿಪಿ ನೋಡಿದರೆ ಗೊತ್ತಾಗುವುದಿಲ್ಲ, ನಿಂತೂ ನೋಡಿ ಎಂದು ನೀವೇ ಕೇಳಿ.

● ನಿದ್ರೆ ಮಾತ್ರೆ, ಕೆಲವು ಬಿಪಿ ಮಾತ್ರೆ, ಮಂಪರು ತರುವ ನೆಗಡಿ ಮಾತ್ರೆ ಇವು ಬೀಳಿಸುವ ಮಾತ್ರೆಗಳೂ ಹೌದು. ನೀವಾಗಿಯೇ ನಿಲ್ಲಿಸಬೇಡಿ. ಆದರೆ ವರ್ಷಕ್ಕೊಮ್ಮೆ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ.

● ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕುಳಿತುಕೊಳ್ಳಬೇಕು. ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಬೀಳುವ ಅಪಾಯವಿದೆ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ. ಅಷ್ಟು ಸಮಯ ಬೇಕಾದವರಿಗೆ ಏಣಿ ಇನ್ನು ಮೇಲೆ ಸಲ್ಲದು. ಈ ಪರೀಕ್ಷೆಯನ್ನು 1991ರಲ್ಲಿ ರೂಪಿಸಿದರು. ಗಡಿಯಾರವೊಂದೇ ಸಾಕು.

● ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಊಟ ಮಾಡಿ ಕೈ ಊರದೆ ಏಳುತ್ತಿದ್ದ ನಮ್ಮ ಅಜ್ಜ-ಅಜ್ಜಿಯರು ದಿನಕ್ಕೆ ಹತ್ತು ಸಲ ವ್ಯಾಯಾಮ ಮಾಡುತ್ತಿದ್ದರು, ಅದಕ್ಕೆ ಆ ಹೆಸರು ಕೊಡದೆ. ಬ್ರೆಜಿಲ್‌ನ ವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಅಳೆದಿತ್ತು. ನೆಲಕ್ಕೆ ಕುಳಿತು ಏಳಲು ಕೈ, ಮಂಡಿಗಳ ಆಸರೆ ಕಡಿಮೆ ಬೇಕಾದವರು ಹೆಚ್ಚು ಕಾಲ ಬದುಕಿದ್ದರು. ಮಂಡಿ ಒಪ್ಪುವವರು ದಿನಕ್ಕೆರಡು ಸಲವಾದರೂ ನೆಲಕ್ಕೆ ಕುಳಿತು ಏಳುವ ರೂಢಿ ಬಿಡಬೇಡಿ. ಬಿದ್ದ ದಿನ ನೆಲದಿಂದ ಏಳುವ ಶಕ್ತಿ ಅಲ್ಲಿಂದಲೇ ಬರಬೇಕು.

● ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯ ರೂಪಿಸಿದ ಮನೆ ವ್ಯಾಯಾಮದ ಕ್ರಮ ಹಿರಿಯರು ಬೀಳುವುದನ್ನು ಸುಮಾರು 35 ಶೇಕಡದಷ್ಟು ಇಳಿಸಿತು. ಅದರಲ್ಲಿ ಯಂತ್ರಗಳಿಲ್ಲ. ಕಾಲಿಗೆ ಸಣ್ಣ ತೂಕ ಕಟ್ಟಿ ಎತ್ತುವುದು, ಹಿಮ್ಮಡಿಯ ಮೇಲೆ ನಡೆಯುವುದು, ಅಡಿಗೆ ಅಡಿ ಜೋಡಿಸಿ ನಡೆಯುವುದು, ಇಂಥವೇ. ಅಡುಗೆಮನೆಯ ಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸವನ್ನು ಹಾಲು ಉಕ್ಕುವವರೆಗೆ ಮಾಡಬಹುದು.

● ರಾಗಿಯ ನೂರು ಗ್ರಾಂ ಹಿಟ್ಟಿನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿಗಳು ಹತ್ತಿರಕ್ಕೂ ಬರುವುದಿಲ್ಲ. ಹಲ್ಲಿಲ್ಲದವರೂ ನುಂಗಬಹುದಾದ ಮುದ್ದೆ, ಅಂಬಲಿ ನಮ್ಮ ಮನೆಯಲ್ಲೇ ಇವೆ. ಜೊತೆಗೆ ಬೇಳೆ, ಹಾಲು ಅಥವಾ ಮೊಟ್ಟೆ, ಮೈಗಷ್ಟು ಬಿಸಿಲು.

● ಐವತ್ತು, ಅರವತ್ತರಲ್ಲಿ ಬಿದ್ದವರು ಹೆಚ್ಚಾಗಿ ಮಣಿಕಟ್ಟು ಮುರಿದುಕೊಳ್ಳುತ್ತಾರೆ. ಎಪ್ಪತ್ತೈದು ದಾಟಿದವರು ಸೊಂಟ. ಕಾರಣ ಸರಳ: ಕಿರಿಯ ವಯಸ್ಸಿನಲ್ಲಿ ಬೀಳುವಾಗ ಕೈ ತಾನಾಗಿ ಮುಂದೆ ಬರುತ್ತದೆ, ಆಮೇಲೆ ಅಷ್ಟು ಚುರುಕು ಉಳಿಯದೆ ಪಕ್ಕಕ್ಕೆ ಕುಸಿದು ತೊಡೆಸಂದಿಗೇ ಪೆಟ್ಟು ಬೀಳುತ್ತದೆ. ಮಣಿಕಟ್ಟಿನ ಈ ಮುರಿತವನ್ನು 1814ರಲ್ಲಿ ಡಬ್ಲಿನ್ನಿನ ಅಬ್ರಹಾಂ ಕಾಲಿಸ್ ಬರಿಗೈಯಲ್ಲಿ ಮುಟ್ಟಿ ನೋಡಿಯೇ ನಿಖರವಾಗಿ ವಿವರಿಸಿದ್ದ. ಎಕ್ಸ್‌ರೇ ಬಂದದ್ದು ಅದಾದ 81 ವರ್ಷಗಳ ಮೇಲೆ. ಮಣಿಕಟ್ಟು ಮುರಿದರೆ 'ಸಣ್ಣದರಲ್ಲಿ ಹೋಯಿತು' ಎಂದು ಸುಮ್ಮನಾಗಬೇಡಿ. ಮೂಳೆ ಟೊಳ್ಳಾಗುತ್ತಿದೆ ಎಂಬ ಮೊದಲ ಎಚ್ಚರಿಕೆ ಅದು.

ಬಿದ್ದ ಮೇಲೆ

● ತಕ್ಷಣ ಏಳಬೇಡಿ. ನಾಚಿಕೆಯೇ ನಮ್ಮನ್ನು ಗಡಬಡಿಸಿ ಎಬ್ಬಿಸುತ್ತದೆ. ಒಂದು ನಿಮಿಷ ಹಾಗೇ ಇದ್ದು ಉಸಿರಾಡಿ. ಬೆರಳು, ಪಾದ, ಕತ್ತು ಒಂದೊಂದಾಗಿ ನೋಡಿಕೊಳ್ಳಿ. ಕತ್ತು, ಬೆನ್ನು, ಸೊಂಟದಲ್ಲಿ ತೀವ್ರ ನೋವಿದ್ದರೆ ಅಲುಗಾಡದೆ ಸಹಾಯಕ್ಕೆ ಕೂಗಿ.

● ನೋವಿಲ್ಲದಿದ್ದರೆ ಏಳುವುದಕ್ಕೂ ಒಂದು ಕ್ರಮವಿದೆ. ಮೊದಲು ಪಕ್ಕಕ್ಕೆ ಹೊರಳಿ. ಮೊಣಕೈ ಊರಿ, ಅಲ್ಲಿಂದ ಅಂಗೈ ಮತ್ತು ಮಂಡಿಗಳ ಮೇಲೆ ಬನ್ನಿ. ಅಂಬೆಗಾಲಿಡುತ್ತ ಗಟ್ಟಿ ಕುರ್ಚಿ ಅಥವಾ ಮಂಚದ ಬಳಿ ಹೋಗಿ. ಕುರ್ಚಿಯ ಮೇಲೆ ಎರಡೂ ಕೈ ಇಡಿ. ಬಲವಿರುವ ಕಾಲಿನ ಪಾದವನ್ನು ಮುಂದೆ ಊರಿ, ಕೈ ಕಾಲು ಎರಡರಿಂದಲೂ ಒತ್ತಿ ಮೇಲೆದ್ದು, ಮೆಲ್ಲಗೆ ತಿರುಗಿ ಕುಳಿತುಕೊಳ್ಳಿ. ನಿಲ್ಲುವ ಮುನ್ನ ಐದು ನಿಮಿಷ ಕುಳಿತೇ ಇರಿ. ಮಗುವೊಂದು ನಿಲ್ಲಲು ಕಲಿಯುವ ದಾರಿಯೇ ಇದು. ಗಟ್ಟಿಯಾಗಿರುವಾಗಲೇ ಚಾಪೆಯ ಮೇಲೆ ಒಮ್ಮೆ ಅಭ್ಯಾಸ ಮಾಡಿ, ಪಕ್ಕದಲ್ಲಿ ಯಾರಾದರೂ ಇರಲಿ. 1993ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಪೆಟ್ಟೇ ಆಗದೆ ಬಿದ್ದ ಹಿರಿಯರಲ್ಲೂ 47 ಶೇಕಡ ಮಂದಿಗೆ ಒಮ್ಮೆಯಾದರೂ ತಾವಾಗಿ ಏಳಲು ಆಗಿರಲಿಲ್ಲ. ಮೂಳೆ ಸರಿಯಿದ್ದರೂ ಏಳುವ ದಾರಿ ತಿಳಿದಿರಬೇಕು.

● ಏಳಲಾಗದಿದ್ದರೆ? ನೆಲದ ಮೇಲೆ ಕಳೆಯುವ ಗಂಟೆಗಳೇ ಆಗ ಶತ್ರು. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ದೇಹದ ಭಾರಕ್ಕೆ ಸ್ನಾಯು ಜಜ್ಜಿಹೋಗಿ ಅದರ ಕಲ್ಮಶ ರಕ್ತದ ಮೂಲಕ ಮೂತ್ರಪಿಂಡಕ್ಕೆ ಸೇರುತ್ತದೆ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದಾಗ ಅವಶೇಷಗಳಡಿ ಗಂಟೆಗಟ್ಟಲೆ ಸಿಕ್ಕಿಕೊಂಡವರು ಹೊರತೆಗೆದ ಮೇಲೆ ಮೂತ್ರಪಿಂಡ ಕೆಟ್ಟು ಸಾಯುವುದನ್ನು ಎರಿಕ್ ಬೈವಾಟರ್ಸ್ ಎಂಬ ವೈದ್ಯ 1941ರಲ್ಲಿ ಬರೆದಿಟ್ಟ. ಅದೇ ಕಷ್ಟ ಬಚ್ಚಲಮನೆಯ ನೆಲದ ಮೇಲೂ ಸಂಭವಿಸುತ್ತದೆ. 1981ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಬಿದ್ದು ಒಂದು ಗಂಟೆಗಿಂತ ಹೆಚ್ಚು ನೆಲದಲ್ಲೇ ಉಳಿದ ಹಿರಿಯರಲ್ಲಿ ಅರ್ಧದಷ್ಟು ಮಂದಿ ಆರು ತಿಂಗಳೊಳಗೆ ತೀರಿಕೊಂಡಿದ್ದರು. ಆದ್ದರಿಂದ ಮಗ್ಗುಲು ಬದಲಿಸುತ್ತಿರಿ, ಪಾದ ಆಡಿಸುತ್ತಿರಿ, ಕೈಗೆ ಸಿಕ್ಕ ಕಂಬಳಿ, ಟವೆಲ್, ಕಾಲೊರಸು ಏನನ್ನಾದರೂ ಎಳೆದು ಹೊದೆಯಿರಿ. ಕೂಗಿ ಕೂಗಿ ಗಂಟಲು ಸೋಲಿಸುವ ಬದಲು ಚೊಂಬಿನಿಂದ ಬಾಗಿಲನ್ನು ಬಡಿಯಿರಿ.

● ಬಚ್ಚಲಮನೆಗೆ ಹೋದಾಗ ಒಳಗಿನ ಚಿಲಕ ಹಾಕಬೇಡಿ. ಬಿದ್ದರೆ ಹೊರಗಿನವರು ಒಳಗೆ ಬರುವಂತಿರಬೇಕು.

● ಬಿದ್ದವರನ್ನು ನೋಡಿದ ಕೂಡಲೇ ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸುವುದು ನಮ್ಮ ಪ್ರೀತಿಯ ಮೊದಲ ಪ್ರತಿಕ್ರಿಯೆ. ಮುರಿದ ಮೂಳೆಗೆ ಅದು ಎರಡನೇ ಪೆಟ್ಟು. ಮೊದಲು ಮಾತಾಡಿಸಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ ಬಿದ್ದಿದ್ದರೆ ತೊಡೆಮೂಳೆಯ ಕತ್ತು, ಅಂದರೆ ನಾವು 'ಸೊಂಟ' ಎನ್ನುವ ಜಾಗ, ಮುರಿದಿರುವ ಸಾಧ್ಯತೆ ಬಲವಾಗಿದೆ. ಆಗ ಅಲುಗಾಡಿಸದೆ 108ಕ್ಕೆ ಕರೆ ಮಾಡಿ. ಕರ್ನಾಟಕದಲ್ಲಿ ಈ ಸೇವೆ 2008ರ ನವೆಂಬರ್ 1ರಿಂದ ಇದೆ, ಉಚಿತ.

● ಬಿದ್ದವರಿಗೆ ಬಿಸಿ ಕಾಫಿ ಕೊಡುವ ಮುನ್ನ ತಾಳಿ. ಶಸ್ತ್ರಚಿಕಿತ್ಸೆ ಬೇಕಾದರೆ ಅರಿವಳಿಕೆಗೆ ಹೊಟ್ಟೆ ಖಾಲಿಯಿರಬೇಕು.

● 'ನಡೆದರಲ್ಲ, ಹಾಗಾದರೆ ಮುರಿದಿಲ್ಲ' ಎಂಬುದು ತಪ್ಪು. ಮುರಿದ ತುದಿಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದರೆ ಕೆಲವರು ಕುಂಟುತ್ತ ನಡೆದುಬಿಡುತ್ತಾರೆ. ಎರಡು ದಿನ ಬಿಟ್ಟು ಆ ಮೂಳೆ ಜಾರಬಹುದು. ತೊಡೆಸಂದಿಯ ನೋವು ಉಳಿದಿದ್ದರೆ ಎಕ್ಸ್‌ರೇ ಆಗಲೇಬೇಕು.

● ಎತ್ತರದಿಂದ ಕಾಲೂರಿ ಬಿದ್ದು ಹಿಮ್ಮಡಿ ಮುರಿದವರ ಬೆನ್ನೆಲುಬನ್ನೂ ವೈದ್ಯರು ಪರೀಕ್ಷಿಸುತ್ತಾರೆ. ಪೆಟ್ಟು ಹಿಮ್ಮಡಿಯಿಂದ ನೇರ ಮೇಲಕ್ಕೆ ಹೋಗಿರಬಹುದು.

● ತಲೆಗೆ ಬಿದ್ದ ಪೆಟ್ಟಿನ ಫಲ ಮೂರು ವಾರದ ಮೇಲೂ ಕಾಣಬಹುದು! ವಯಸ್ಸಾದಂತೆ ಮಿದುಳು ತುಸು ಕುಗ್ಗುತ್ತದೆ, ಅದಕ್ಕೂ ಅದರ ಹೊದಿಕೆಗೂ ನಡುವಿನ ಸಣ್ಣ ರಕ್ತನಾಳಗಳು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಸಣ್ಣ ಏಟಿಗೂ ಒಂದು ನಾಳ ಹರಿದು ರಕ್ತ ಹನಿಹನಿಯಾಗಿ ಶೇಖರವಾಗುತ್ತದೆ. ಬಿದ್ದದ್ದು ಮರೆತೇಹೋದ ಮೇಲೆ ತಲೆನೋವು, ಮಂಕು, ನಡಿಗೆಯಲ್ಲಿ ಜೋಲಿ, ಮಾತಿನಲ್ಲಿ ಗೊಂದಲ ಶುರುವಾಗುತ್ತದೆ. ಮನೆಯವರು 'ಅರಳುಮರಳು' ಎಂದುಕೊಳ್ಳುತ್ತಾರೆ. ಒಂದು ಸಿಟಿ ಸ್ಕ್ಯಾನ್ ನಿಜ ಹೇಳುತ್ತದೆ, ರಕ್ತ ತೆಗೆದರೆ ಬಹಳಷ್ಟು ಜನ ಮೊದಲಿನಂತಾಗುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಲೆಗೆ ಪೆಟ್ಟಾದರೆ, ಎಷ್ಟೇ ಹುಷಾರಾಗಿದ್ದರೂ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

● ನಾಟಿ ಕಟ್ಟಿನ ಮೇಲೆ ನಮ್ಮ ಜನರಿಗೆ ನಂಬಿಕೆ ಹಳೆಯದು. ಆದರೆ ಸೊಂಟದ ಮುರಿತಕ್ಕೆ ಕಟ್ಟು ಹಾಕಲು ಸಾಧ್ಯವೇ ಇಲ್ಲ. ಅಲ್ಲಿ ತೊಡೆಮೂಳೆಯ ತಲೆಗೆ ಹೋಗುವ ರಕ್ತನಾಳವೇ ಹರಿದಿರಬಹುದು. ಕೈಕಾಲಿಗೆ ಹಾಕಿದ ಬಿಗಿ ಕಟ್ಟಿನಿಂದ ಬೆರಳು ಮರಗಟ್ಟಿದರೆ, ನೀಲಿಯಾದರೆ, ಊದಿದರೆ ಬೆಳಗಾಗಲೆಂದು ಕಾಯಬೇಡಿ. ಕೂಡಲೇ ಬಿಚ್ಚಿಸಿ.

● ಸೊಂಟದ ಮೂಳೆ ಮುರಿದವರಿಗೆ 24ರಿಂದ 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದರೆ ಒಳ್ಳೆಯದೆಂದು ಜಗತ್ತಿನ ಮೂಳೆತಜ್ಞರ ಮಾತು. 'ಈ ವಯಸ್ಸಿನಲ್ಲಿ ಆಪರೇಷನ್ ಬೇಕೇ?' ಎಂದು ನೆಂಟರೆಲ್ಲ ಸೇರಿ ನಾಲ್ಕು ದಿನ ಚರ್ಚಿಸುವಷ್ಟರಲ್ಲಿ ಬೆನ್ನಿಗೆ ಹುಣ್ಣು, ಎದೆಗೆ ಕಫ, ಕಾಲಿಗೆ ರಕ್ತದ ಗಡ್ಡೆ ಬಂದಿರುತ್ತವೆ. ವಯಸ್ಸು ಹೆಚ್ಚಿದ್ದಷ್ಟೂ ಮಲಗಿರುವುದು ಹೆಚ್ಚು ಅಪಾಯ.

● ಎಷ್ಟು ಅಪಾಯ? 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಹಿರಿಯರನ್ನು ಹತ್ತೇ ದಿನ ಹಾಸಿಗೆಯಲ್ಲಿ ಮಲಗಿಸಿದ್ದರು. ಕಾಲುಗಳಲ್ಲೇ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು. ಆದ್ದರಿಂದಲೇ ಶಸ್ತ್ರಚಿಕಿತ್ಸೆಯ ಮರುದಿನವೇ ಫಿಸಿಯೋಥೆರಪಿಸ್ಟ್ ಬಂದು ನಿಲ್ಲಿಸುತ್ತಾರೆ. ಅದು ನಿರ್ದಯೆಯಲ್ಲ. 'ಪಾಪ, ಮಲಗಲಿ ಬಿಡಿ' ಎನ್ನುವ ನಮ್ಮ ಕರುಣೆಯೇ ಆಗ ಅವರಿಗೆ ಕೇಡು ಮಾಡುತ್ತದೆ.

● ಪಕ್ಕೆಲುಬು ಮುರಿದವರು ನೋವಿಗೆ ಹೆದರಿ ಮೇಲುಮೇಲೆ ಉಸಿರಾಡಿದರೆ ನ್ಯುಮೋನಿಯಾ ಬರಬಹುದು. ನೋವಿನ ಮಾತ್ರೆ ನುಂಗಿಯಾದರೂ ಆಳವಾಗಿ ಉಸಿರಾಡಬೇಕು.

● ಊರುಗೋಲನ್ನು ನೋವಿರುವ ಕಾಲಿನ ಕಡೆಗಲ್ಲ, ಎದುರು ಕೈಯಲ್ಲಿ ಹಿಡಿಯಬೇಕು. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಗೆ ಬರುವಷ್ಟು ಎತ್ತರ ಸಾಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

● ಮುರಿದ ಮೂಳೆ ಕೂಡಿಸಿದರೆ ಕೆಲಸ ಅರ್ಧ ಮಾತ್ರ ಮುಗಿದಂತೆ. ಟೊಳ್ಳಾದ ಮೂಳೆಗೆ ಚಿಕಿತ್ಸೆ ಉಳಿದಿರುತ್ತದೆ. ಸೊಂಟ ಮುರಿದು ಶಸ್ತ್ರಚಿಕಿತ್ಸೆಯಾದವರಿಗೆ ವರ್ಷಕ್ಕೊಮ್ಮೆ ಜೋಲೆಡ್ರಾನಿಕ್ ಆಮ್ಲದ ಚುಚ್ಚುಮದ್ದು ಕೊಟ್ಟಾಗ ಹೊಸ ಮುರಿತಗಳು 35 ಶೇಕಡ, ಸಾವುಗಳು 28 ಶೇಕಡ ಇಳಿದದ್ದು 2007ರಲ್ಲೇ ಪ್ರಕಟವಾಗಿದೆ. ಬಿಡುಗಡೆಯ ಚೀಟಿಯಲ್ಲಿ ಮೂಳೆ ಗಟ್ಟಿಯಾಗಿಸುವ ಔಷಧಿ ಇಲ್ಲದಿದ್ದರೆ ಏಕಿಲ್ಲ ಎಂದು ವೈದ್ಯರನ್ನು ಕೇಳಿ.

● ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 2019ರ ಮೇ ತಿಂಗಳಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ವಯಸ್ಸು 94. ಶಸ್ತ್ರಚಿಕಿತ್ಸೆಯಾಯಿತು, ಫಿಸಿಯೋಥೆರಪಿಯಾಯಿತು. ಅಕ್ಟೋಬರ್‌ನಲ್ಲಿ ಮತ್ತೆ ಬಿದ್ದು ಹುಬ್ಬಿನ ಮೇಲೆ 14 ಹೊಲಿಗೆ ಬಿದ್ದವು. ಮರುದಿನ ಕಣ್ಣು ಕಪ್ಪಾಗಿದ್ದರೂ ನ್ಯಾಶ್‌ವಿಲ್‌ನಲ್ಲಿ ಬಡವರಿಗೆ ಮನೆ ಕಟ್ಟುವ ಜಾಗದಲ್ಲಿ ಹಾಜರಿದ್ದರು. 100 ವರ್ಷ ತುಂಬಿಸಿ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಎಲ್ಲರ ಕಥೆ ಹೀಗಾಗದು, ಒಪ್ಪೋಣ. ಆದರೆ 'ಸೊಂಟ ಮುರಿಯಿತು, ಇನ್ನು ಮುಗಿಯಿತು' ಎಂದು ರೋಗಿಯ ಕಿವಿಗೆ ಬೀಳುವಂತೆ ಮಾತಾಡುವವರು ಈ ಕಥೆ ನೆನಪಿಡಬೇಕು.

● ಬಿದ್ದ ಗಾಯ ಮಾಗಿದರೂ ಬೀಳುವ ಭಯ ಮಾಗುವುದಿಲ್ಲ. ಭಯದಿಂದ ನಡೆಯುವುದು ನಿಂತರೆ ಕಾಲು ಸೋಲುತ್ತದೆ, ಸೋತ ಕಾಲು ಮತ್ತೆ ಬೀಳಿಸುತ್ತದೆ. ಅಂಗಳದವರೆಗೆ ಒಂದು ದಿನ, ಗೇಟಿನವರೆಗೆ ಇನ್ನೊಂದು ದಿನ, ದೇವಸ್ಥಾನದವರೆಗೆ ಮುಂದಿನ ವಾರ. ಜೊತೆಗೊಬ್ಬರು ನಡೆದರೆ ಅದಕ್ಕಿಂತ ದೊಡ್ಡ ಔಷಧಿಯಿಲ್ಲ.

● 'ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬ ಗಾದೆ ಹಿರಿಯರ ವಿಷಯದಲ್ಲಿ ಪ್ರಾಣಕ್ಕೇ ಎರವಾಗುತ್ತದೆ. ಅಮೆರಿಕದಲ್ಲಿ 65 ದಾಟಿದ ನಾಲ್ವರಲ್ಲಿ ಒಬ್ಬರು ಪ್ರತಿವರ್ಷ ಬೀಳುತ್ತಾರೆ, ವೈದ್ಯರಿಗೆ ಹೇಳುವವರು ಅವರಲ್ಲಿ ಅರ್ಧಕ್ಕಿಂತ ಕಡಿಮೆ. ಮಕ್ಕಳು ಬೈಯುತ್ತಾರೆ, ಒಂಟಿಯಾಗಿರಲು ಬಿಡುವುದಿಲ್ಲ, ಏಣಿ ಕಿತ್ತುಕೊಳ್ಳುತ್ತಾರೆ ಎಂಬ ಅಂಜಿಕೆ ಎಲ್ಲ ದೇಶದಲ್ಲೂ ಒಂದೇ. ಎಡವಿದ ಬೆರಳೇ ಮತ್ತೆ ಎಡವುತ್ತದೆ ಎನ್ನುತ್ತೇವಲ್ಲ, ಅದಕ್ಕೆ ಅಂಕಿಯೂ ಇದೆ: ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಎರಡು ಪಟ್ಟು. ಅಪ್ಪ-ಅಮ್ಮ ಬಿದ್ದದ್ದನ್ನು ಹೇಳಿದ ದಿನ ಬೈಯಬೇಡಿ. ಬೈದರೆ ಮುಂದಿನ ಸಲ ಹೇಳುವುದಿಲ್ಲ.

● ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆಕಸ್ಮಿಕ ಪೆಟ್ಟಿನ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೆ. ಹೆಲ್ಮೆಟ್ಟಿನ ಬಗ್ಗೆ ಊರೆಲ್ಲ ಫಲಕಗಳಿವೆ, ಏಣಿಯ ಬಗ್ಗೆ ಒಂದೂ ಕಂಡಿಲ್ಲ.

● ಕೊನೆಯದೊಂದು. ನಮ್ಮ ಮನೆಗಳಲ್ಲಿ ಫೋನು ಇರುವುದು ಮೇಜಿನ ಮೇಲೆ, ತುರ್ತು ಸಂಖ್ಯೆಗಳ ಪಟ್ಟಿ ಇರುವುದು ಕ್ಯಾಲೆಂಡರಿನ ಪಕ್ಕ. ಎರಡೂ ನಿಂತವರಿಗೆ ಅನುಕೂಲ. ನೆಲದಲ್ಲಿ ಬಿದ್ದವರ ಕೈಗೆ ಎರಡೂ ಎಟುಕವು. ಈ ಪುಟ ಮಡಚಿಟ್ಟ ಮೇಲೆ ಒಂದು ಕೆಲಸ ಮಾಡಿ. ಮನೆಯ ಹಿರಿಯರ ಫೋನಿಗೆ ದಾರ ಕಟ್ಟಿ ಕೊರಳಿಗೆ ಹಾಕಿ, ಅಥವಾ ಜೇಬಿರುವ ಅಂಗಿ ಹೊಲಿಸಿ. ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ: ಆಂಬುಲೆನ್ಸ್ 108, ಎಲ್ಲ ತುರ್ತಿಗೆ 112, ಹಿರಿಯರ ಸಹಾಯವಾಣಿ 14567, ಪಕ್ಕದ ಮನೆಯವರ ನಂಬರು. ಅದನ್ನು ಗೋಡೆಗೆ ಅಂಟಿಸಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ.